ಏಪ್ರಿಲ್‌ನಾಗ ಬೆಲ್ಜಿಯಂ: 4 ಮಂದಿ, 10 ರಾತ್ರಿ, ತತ್ತಿ ಸುದ್ದಾ ತಿನ್ನಂಗಿಲ್ಲ – ಹೆಂಗ ಹೊಂದಿಸ್ಬೇಕು?

ಶೇಂಗಾಹಿಂಡಿ (ಕಲಬುರಗಿ)

ನಮಸ್ಕಾರ್ರಿ ಎಲ್ಲಾರಿಗೂ. ಬರೋ ಏಪ್ರಿಲ್ 18ಕ್ಕ ಹೈದರಾಬಾದಿನಿಂದ ಹೊಂಟು 28ರ ಸುಮಾರಿಗೆ ವಾಪಸ್. ನಾನು, ನಮ್ಮ ಯಜಮಾನ್ರು, ಅತ್ತಿ, ಮಾವ. ಅತ್ತಿಗೆ ಮೊಣಕಾಲು ನೋವು. ಸಪಾಟ ಹಾದಿ ಇದ್ರ 4–5 ಕಿ.ಮೀ. ನಡೀತಾರ, ಮೆಟ್ಟಿಲು ಆಗಂಗಿಲ್ಲ. ನಾಲ್ಕೂ ಮಂದಿ ಶಾಕಾಹಾರಿ, ತತ್ತೀನೂ ಇಲ್ಲ.

ಈಗ ಬರ್ದಿಟ್ಟಿದ್ದು: ಬ್ರಸೆಲ್ಸ್ 2 ರಾತ್ರಿ, ಬ್ರೂಜ್ 2, ಆಮ್‌ಸ್ಟರ್‌ಡ್ಯಾಮ್ 2, ಪ್ಯಾರಿಸ್ 2, ಲಕ್ಸೆಂಬರ್ಗ್ 1, ಕಲೋನ್ 1.

ಕೇಳೋದು ಇಷ್ಟು. ಫೋಟೊದಾಗ ಕಾಣೋ ಆ ನೀಲಿ ಹೂವಿನ ಕಾಡು ಖರೇನ ಹಂಗಿರ್ತದೇನು, ನಮ್ಮ ತಾರೀಖಿಗೆ ಸಿಗ್ತದೇನು? ಟ್ಯೂಲಿಪ್‌ಗೆ ಹಾಲೆಂಡಿಗೇ ಹೋಗ್ಬೇಕೋ? ವೀಸಾ ಯಾವ ದೇಶದ್ದು ಹಾಕ್ಬೇಕು? ಊಟಕ್ಕ ಏನು ಮಾಡೋದು? ಹೋಟೆಲ್ ಇನ್ನೂ ಬುಕ್ ಮಾಡಿಲ್ಲ, ಬೈದ್ರೂ ನಡೀತದ.

ಭೀಮಾತೀರ (ಯಾದಗಿರಿ)

ಬೈತೀನ್ರಿ ಹಂಗಾದ್ರ. 10 ರಾತ್ರಿಗೆ 6 ಊರು ಅಂದ್ರ 5 ಸಲ ಗಂಟು ಕಟ್ಟಿ ಬಿಚ್ಚೋದು. ರೂಮು ಖಾಲಿ ಮಾಡೋದು 11ಕ್ಕ, ಹೊಸಾ ರೂಮು ಕೊಡೋದು 3ಕ್ಕ. ಒಂದೊಂದು ಸಲಕ್ಕ ಅರ್ಧ ದಿನ ಹಿಡಿದ್ರ ಎರಡೂವರೆ ದಿನ ಸೂಟ್‌ಕೇಸ್ ಕಾಯೋದ್ರಾಗ ಹೋತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದದ. ನೀವು ಊರಿಗೆ ತಾರೀಖು ಹಚ್ಚೀರಿ. ವಸಂತಕ್ಕ ಅಂತ ಹೋಗವ್ರು ಹೂವು ಯಾವಾಗ ಅರಳ್ತದೋ ಅವತ್ತು ಎದ್ದು ಹೋಗಂಗಿರ್ಬೇಕು. ಮಾವಿನ ಗಿಡ ಎಲ್ಲಾ ವರ್ಷ ಒಂದೇ ವಾರದಾಗ ಹೂ ಬಿಡ್ತದೇನು? ಅಲ್ಲೂ ಹಂಗ, ಚಳಿಗಾಲ ಬೆಚ್ಚಗಿದ್ರ ವಾರ–ಹತ್ತು ದಿನ ಮುಂದ, ಥಂಡಿ ಜಗ್ಗಿದ್ರ ಅಷ್ಟೇ ಹಿಂದ.

ನೀಲಿ ಕಾಡಿನ ಹೆಸರು ಹಾಲೆರ್‌ಬೋಸ್. ಬ್ರಸೆಲ್ಸ್‌ನ ದಕ್ಷಿಣಕ್ಕ ಹಾಲೆ ಅನ್ನೋ ಸಣ್ಣ ಊರಿನ ಪಕ್ಕ, ಸುಮಾರು 550 ಹೆಕ್ಟೇರ್. ಹೂವು ಬ್ಲೂಬೆಲ್, ಕಾಡು ಹಯಸಿಂತ್ ಜಾತಿ. ಫೋಟೊ ಖರೇನ ಅದ, ಆದ್ರ ಅದು ಎರಡು ವಾರದ ಆಟ. ಯಾಕಂದ್ರ ಆ ಕಾಡಿನಾಗ ಬೀಚ್ ಮರ ಜಾಸ್ತಿ. ಬೀಚ್ ಎಲಿ ಬಿಡೋಕಿಂತ ಮೊದಲು ನೆಲಕ್ಕ ಬಿಸಿಲು ಬೀಳ್ತದ, ಗಡ್ಡಿ ಆ ಬಿಸಿಲು ಹಿಡಿದು ಹೂ ಬಿಡ್ತದ. ಮ್ಯಾಲ ಎಲಿ ಮುಚ್ಚಿತು ಅಂದ್ರ ಕೆಳಗ ಕತ್ತಲು, ಹೂವಿನ ಕಾಲ ಮುಗೀತು. ಸಾಮಾನ್ಯಕ್ಕ ಏಪ್ರಿಲ್ ಮಧ್ಯದಿಂದ ಮೇ ಮೊದಲ ದಿನಗಳ ತನಕ. ನಿಮ್ಮ 18–28 ಅಂದ್ರ ಭಾಳ ಚಲೋ ತಾರೀಖು. ಕಾಡಿನ ಅಧಿಕೃತ ತಾಣದಾಗ ಹೂವು ಎಷ್ಟು ಬಂದದ ಅಂತ ಫೋಟೊ ಸಮೇತ ಹಾಕ್ತಾರ. ಹೋಗೋ ಹಿಂದಿನ ದಿನ ಅದನ್ನ ನೋಡಿ ತೀರ್ಮಾನ ಮಾಡ್ರಿ, ಯಾರದೋ ಹಳೇ ರೀಲ್ ನೋಡಿ ಅಲ್ಲ.

ದಾರಿ: ಬ್ರಸೆಲ್ಸ್ ಮಿದಿ ನಿಲ್ದಾಣದಿಂದ ಹಾಲೆಗೆ ರೈಲು 10–15 ನಿಮಿಷ. ನಿಲ್ದಾಣದಿಂದ ಕಾಡು 4–5 ಕಿ.ಮೀ., ಅದನ್ನ ಅತ್ತೀನ ನಡೆಸಬ್ಯಾಡ್ರಿ, ಅವರ ದಿನದ ನಡಿಗಿ ಅಲ್ಲೇ ಮುಗೀತದ. ಹೂವಿನ ವಾರಾಂತ್ಯಕ್ಕ ನಿಲ್ದಾಣದಿಂದ ಬಸ್ಸು ಬಿಡ್ತಾರ, ಆದ್ರ ವಾರಾಂತ್ಯಕ್ಕ ಕಾಡು ನಮ್ಮ ಶರಣಬಸವೇಶ್ವರ ಜಾತ್ರಿ ಇದ್ದಂಗ. ನಾಲ್ಕು ಮಂದಿ ಇದ್ದೀರಿ, ವಾರದ ನಡುವ ಒಂದು ಮುಂಜಾನಿ ಹಾಲೆಯಿಂದ ಟ್ಯಾಕ್ಸಿ ಮಾಡ್ರಿ. ವಾಪಸ್ ಬರೋ ಟ್ಯಾಕ್ಸಿ ಸುದ್ದಾ ಅವಾಗ್ಲೇ ಹೇಳಿಡ್ರಿ, ಕಾಡಿನಾಗ ನೆಟ್‌ವರ್ಕ್ ನಂಬಬ್ಯಾಡ್ರಿ.

ಕಾಡು ಸಪಾಟ ಅಲ್ಲ, ಏರು ಇಳುವು ಅವ, ಮಳಿ ಆದ್ರ ಹಾದಿ ಕೆಸರು. ಗುರುತು ಹಾಕಿದ ಹಾದಿ ಬಿಟ್ಟು ಒಂದು ಹೆಜ್ಜಿ ಸುದ್ದಾ ಒಳಗ ಇಡಬಾರದು. ಬ್ಲೂಬೆಲ್ ಎಲಿ ಒಮ್ಮಿ ತುಳಿದ್ರ ಮತ್ತ ಏಳಂಗಿಲ್ಲ, ಎಲಿ ಇಲ್ಲಂದ್ರ ಗಡ್ಡಿಗೆ ಆ ವರ್ಷದ ಊಟ ಇಲ್ಲ. ಹಿಂಗ ತುಳಿದ ಜಾಗ ತುಂಬಾಕ ವರ್ಷಗಟ್ಟಲೆ ಬೇಕು. ಫೋಟೊಕ್ಕ ಅಂತ ಹೂವಿನ ನಡುವ ಕುಂತವ್ರ ಹಿಂದ ಬೋಳು ಪಟ್ಟಿ ಬಿದ್ದಿರೋದು ಕಣ್ಣಿಗೇ ಕಾಣ್ತದ. ಮತ್ತ ಅಲ್ಲಿ ಉಣ್ಣಿ ಇರ್ತಾವ, ಅವು ಕಚ್ಚಿದ್ರ ಲೈಮ್ ಅನ್ನೋ ರೋಗ ಹತ್ತಬಹುದು. ಪ್ಯಾಂಟು ಸಾಕ್ಸ್ ಒಳಗ ಹಾಕ್ರಿ, ರಾತ್ರಿ ಮೊಣಕಾಲು ಹಿಂದ, ಸೊಂಟದ ಸುತ್ತ ನೋಡ್ಕೊಳ್ರಿ.

ಫೋನಿನಾಗ ಫೋಟೊ ತೆಗೆದ್ರ ಹೂವು ನೀಲಿ ಬದ್ಲಿ ಜಾಂಬಳಿ ಕಾಣ್ತದ. ಬಿಳಿ ಸಮತೋಲ (ಕ್ಯಾಮೆರಾದ ವೈಟ್ ಬ್ಯಾಲೆನ್ಸ್) ತಾನಾಗೇ ಬದ್ಲಾಗೋದು ಬಂದ್ ಮಾಡಿ ಕೈಲೆ ಇಡ್ರಿ, ಮುಂಜಾನಿ ಸೂರ್ಯ ಮರದ ಹಿಂದ ಇದ್ದಾಗ ತೆಗೀರಿ. ಮಧ್ಯಾಹ್ನ ಬಿಸಿಲಿನಾಗ ಆ ಬಣ್ಣ ಸತ್ತುಹೋಗ್ತದ.

ಭೀಮಾತೀರ (ಯಾದಗಿರಿ)

ಮ್ಯಾಲಿಂದು ಉದ್ದ ಆತು. ಟ್ಯೂಲಿಪ್ ಬಗ್ಗಿ ಇಲ್ಲಿ ಬರೀತೀನಿ.

ಹಾಲೆಂಡಿನ ಕ್ಯೂಕೆನ್‌ಹಾಫ್ ಅನ್ನೋ ಟ್ಯೂಲಿಪ್ ತೋಟ ದೊಡ್ಡದು: 32 ಹೆಕ್ಟೇರ್, 70 ಲಕ್ಷ ಗಡ್ಡಿ, ಮಾರ್ಚ್ ಮೂರನೇ ವಾರದಿಂದ ಮೇ ಎರಡನೇ ವಾರದ ತನಕ ಎಂಟು ವಾರ ತೆರೆದಿರ್ತದ. ಅದು ಇರೋದು ಲಿಸ್ಸೆ ಅನ್ನೋ ಊರಾಗ, ಅಲ್ಲಿಗೆ ರೈಲಿಲ್ಲ. ಸ್ಕಿಪೋಲ್ ವಿಮಾನ ನಿಲ್ದಾಣದಿಂದನೋ ಲೈಡೆನ್‌ನಿಂದನೋ ಬಸ್ಸು. ಬ್ರಸೆಲ್ಸ್‌ನಿಂದ ಒಂದೇ ದಿನದಾಗ ಹೋಗಿ ಬರ್ತೀವಿ ಅಂದ್ರ ಬಾಗಿಲಿನಿಂದ ಬಾಗಿಲಿಗೆ ಒಂದು ಕಡಿಗೇ ಮೂರೂವರೆ ತಾಸು. ಏಳು ತಾಸು ಕೂತು ನಾಲ್ಕು ತಾಸು ಹೂವು.

ನಿಮ್ಮಂಥವ್ರಿಗೆ ಬ್ರಸೆಲ್ಸ್ ಅಂಚಿನಾಗ ಹ್ರೋಟ್-ಬೈಖಾರ್ಡನ್ ಕೋಟೆದಾಗ ನಡಿಯೋ ಫ್ಲೊರಾಲಿಯಾ ಅನ್ನೋ ಹೂವಿನ ಪ್ರದರ್ಶನ ಸಾಕು. 14 ಹೆಕ್ಟೇರ್ ತೋಟ, ಹತ್ತು ಲಕ್ಷ ಮೀರಿ ಗಡ್ಡಿ, ಏಪ್ರಿಲ್ ಮೊದಲಿನಿಂದ ಮೇ ಮೊದಲ ದಿನಗಳ ತನಕ. ಬ್ರಸೆಲ್ಸ್‌ನ 19ನೇ ನಂಬರ್ ಟ್ರಾಮ್ ಆ ಊರಿನ ತನಕ ಹೋಗ್ತದ. ಮೆಟ್ಟಿಲ ಕಾಟ ಇಲ್ಲ, ಕೂಡಾಕ ಬೆಂಚು ಅವ. ನನ್ನ ಪ್ರಕಾರ ಕ್ಯೂಕೆನ್‌ಹಾಫ್ ಬಿಡ್ರಿ.

ಸನ್ನತಿ_ಶಾಸನ (ಕಲಬುರಗಿ)

ಭೀಮಾತೀರ ಅಣ್ಣನ ಎಲ್ಲ ಮಾತಿಗೂ ಒಪ್ಪಿಗೆ, ಕೊನೆಯದಕ್ಕೆ ಇಲ್ಲ. ಮೊದಲ ಸಲ, ಹಿರಿಯರ ಜೊತೆ, ಇಷ್ಟು ದುಡ್ಡು ಖರ್ಚು ಮಾಡಿ ಹೋಗುವವರು ಕ್ಯೂಕೆನ್‌ಹಾಫ್ ಬಿಟ್ಟು ಬಂದರೆ ಊರಿನಲ್ಲಿ ದಿನಕ್ಕೆ ಹತ್ತು ಮಂದಿ ಕೇಳುತ್ತಾರೆ. ಮಾಡಬೇಕಾದದ್ದು ಇಷ್ಟೇ: ಆಮ್‌ಸ್ಟರ್‌ಡ್ಯಾಮ್ ಬದಲು ಲೈಡೆನ್‌ನಲ್ಲಿ 2 ರಾತ್ರಿ. ಊರು ಸಣ್ಣದು, ಕಾಲುವೆ ಅಲ್ಲೂ ಇವೆ, ನಿಲ್ದಾಣದ ಎದುರಿನಿಂದ 854 ಬಸ್ಸು ನೇರ ತೋಟಕ್ಕೆ. ಟಿಕೆಟ್ ಆನ್‌ಲೈನ್‌ನಲ್ಲಿ ತಾಸು ಗೊತ್ತು ಮಾಡಿ ಕೊಡುತ್ತಾರೆ. ಬೆಳಗಿನ ಮೊದಲ ಹೊತ್ತನ್ನೇ ಹಿಡಿಯಿರಿ. ಟೂರ್ ಬಸ್ಸುಗಳು 10:30ರ ಮೇಲೆ ಬರುತ್ತವೆ.

ಎರಡು ಎಚ್ಚರಿಕೆ. ಏಪ್ರಿಲ್ 27 ಅಲ್ಲಿಯ ರಾಜನ ಹುಟ್ಟುಹಬ್ಬ, ದೇಶವೇ ಕಿತ್ತಳೆ ಬಣ್ಣ ಹಾಕಿಕೊಂಡು ಬೀದಿಗೆ ಬರುತ್ತದೆ (27 ಭಾನುವಾರ ಬಿದ್ದರೆ 26ಕ್ಕೆ). ಆ ದಿನ ಮತ್ತು ಹಿಂದಿನ ರಾತ್ರಿ ಹಾಲೆಂಡಿನಲ್ಲಿ ರೂಮಿನ ದರ ಕೇಳಬೇಡಿ. ಆದ್ದರಿಂದ ಹಾಲೆಂಡನ್ನು ಪ್ರವಾಸದ ಮೊದಲಿಗೆ ಇಟ್ಟುಕೊಳ್ಳಿ, ಕೊನೆಗೆ ಬೇಡ.

ಎರಡನೆಯದು, ರಸ್ತೆ ಪಕ್ಕದ ಟ್ಯೂಲಿಪ್ ಹೊಲ. ಅವರು ಅದನ್ನು ಹೂವಿಗಾಗಿ ಬೆಳೆಯುವುದಲ್ಲ, ಗಡ್ಡೆಗಾಗಿ. ಹೂವು ಪೂರ್ತಿ ಅರಳಿ, ರೋಗದ ಗಿಡ ಆರಿಸಿ ತೆಗೆದಾದ ಮೇಲೆ ಯಂತ್ರ ಓಡಿಸಿ ತಲೆ ಕತ್ತರಿಸಿಬಿಡುತ್ತಾರೆ. ಸತ್ವ ಬೀಜಕ್ಕೆ ಹೋಗದೆ ಗಡ್ಡೆಗೆ ಇಳಿಯಲಿ ಎಂದು. ಹತ್ತಿಯ ತುದಿ ಚಿವುಟುವುದು ಬಲ್ಲವರಿಗೆ ಇದು ಹೊಸದೇನಲ್ಲ. ನಿನ್ನೆ ಕೆಂಪಗೆ ಕಂಡ ಹೊಲ ಇವತ್ತು ಹಸಿರು ಕಡ್ಡಿ ಆಗಿರಬಹುದು. ಹೊಲದ ಒಳಗೆ ಇಳಿಯಲೂ ಬಾರದು, ಬೂಟಿನ ಮಣ್ಣಿನಲ್ಲಿ ರೋಗ ಹೊಲದಿಂದ ಹೊಲಕ್ಕೆ ಹೋಗುತ್ತದೆ.

ಬಹಮನಿಬೀದಿ (ಬೀದರ್)

ಹೂವಿನ ಪಂಚಾಯಿತಿ ಮುಗಿದಿದ್ದರೆ ರೈಲಿನ ವಿಷಯ. ಇಲ್ಲೇ ಜನ ಎಡವೋದು.

ಬೆಲ್ಜಿಯಂನಲ್ಲಿ ಠಿಕಾಣಿ ಒಂದೇ ಕಡೆ ಹೂಡಿ: ಘೆಂಟ್. ಬ್ರಸೆಲ್ಸ್‌ಗೆ ಅರ್ಧ ಗಂಟೆ, ಬ್ರೂಜ್‌ಗೆ 25 ನಿಮಿಷ, ಬ್ರಸೆಲ್ಸ್ ವಿಮಾನ ನಿಲ್ದಾಣಕ್ಕೆ ನೇರ ರೈಲು ಹೆಚ್ಚುಕಡಿಮೆ ಒಂದು ಗಂಟೆ. ಲೈಡೆನ್ 2 ರಾತ್ರಿ, ಘೆಂಟ್ 8. ಪ್ಯಾರಿಸ್ ಬ್ರಸೆಲ್ಸ್‌ನಿಂದ ಯೂರೊಸ್ಟಾರ್ ಅನ್ನೋ ವೇಗದ ರೈಲಿನಲ್ಲಿ 1 ಗಂಟೆ 22 ನಿಮಿಷ ಅಂತ ಆಸೆ ಹುಟ್ಟುತ್ತದೆ. ಆದರೆ ಅದು ಬೇರೆ ಪ್ರವಾಸ, ಇದರೊಳಗೆ ತುರುಕಬೇಡಿ. ಕಲೋನ್, ಲಕ್ಸೆಂಬರ್ಗ್ ಎರಡನ್ನೂ ಹೊಡೆದುಹಾಕಿ. ಲಕ್ಸೆಂಬರ್ಗ್‌ನಲ್ಲಿ 2020ರಿಂದ ಬಸ್ಸು, ಟ್ರಾಮ್, ಎರಡನೇ ದರ್ಜೆ ರೈಲು ಎಲ್ಲ ಪುಕ್ಕಟೆ ನಿಜ. ಆದರೆ ಬ್ರಸೆಲ್ಸ್‌ನಿಂದ ಅಲ್ಲಿಗೆ ಹೋಗೋದೇ ಮೂರು ಗಂಟೆ, ಅದು ಪುಕ್ಕಟೆ ಅಲ್ಲ.

ಈಗ ಮುಖ್ಯ ಮಾತು, ಊರ ಹೆಸರು. ಬೆಲ್ಜಿಯಂನಲ್ಲಿ ಅಧಿಕೃತ ಭಾಷೆ ಮೂರು: ಉತ್ತರಕ್ಕೆ ಡಚ್, ದಕ್ಷಿಣಕ್ಕೆ ಫ್ರೆಂಚ್, ಪೂರ್ವದ ಒಂದು ಸಣ್ಣ ಅಂಚಿಗೆ ಜರ್ಮನ್. ಬ್ರಸೆಲ್ಸ್ ಎರಡು ಭಾಷೆಯದು. ರೈಲಿನ ಫಲಕ ಮತ್ತು ಘೋಷಣೆ ಆಯಾ ನೆಲದ ಭಾಷೆಯಲ್ಲಿ. ಡಚ್ ಸೀಮೆಯ ಲ್ಯೂವೆನ್ ನಿಲ್ದಾಣದಲ್ಲಿ ನಿಂತು ಲಿಯೇಜ್ ರೈಲು ಹುಡುಕಿದರೆ ಸಿಗೋದಿಲ್ಲ, ಫಲಕದಲ್ಲಿ ‘ಲೌಕ್’ ಅಂತ ಇರುತ್ತದೆ. ಅದೇ ರೈಲು ಭಾಷೆಯ ಗಡಿ ದಾಟಿದ ಕೂಡಲೇ ಗಾಡಿಯೊಳಗಿನ ಪರದೆ ‘ಲಿಯೇಜ್’ ಅನ್ನಲು ಶುರು ಮಾಡುತ್ತದೆ, ಗಾರ್ಡ್‌ನ ಭಾಷೆಯೂ ಬದಲಾಗುತ್ತದೆ. ಮೋನ್ಸ್ ಅಂದರೆ ಬೆರ್ಖೆನ್, ಟೂರ್ನೆ ಅಂದರೆ ಡೋರ್ನಿಕ್, ಮೆಖೆಲೆನ್ ಅಂದರೆ ಮಾಲೀನ್. ಫ್ರಾನ್ಸಿನ ಲಿಲ್ ಕೂಡ ಡಚ್ ಫಲಕದಲ್ಲಿ ರೈಸೆಲ್. ಔರಾದ್ ಕಡೆ ಮರಾಠಿ, ಚಿಂಚೋಳಿ ಅಂಚಿಗೆ ತೆಲುಗು, ಪೇಟೆಯಲ್ಲಿ ಉರ್ದು ಕೇಳಿ ಬೆಳೆದವರಿಗೆ ಇದು ಸಲೀಸು. ಗುಲಬರ್ಗಾ ಅಂದರೂ ಕಲಬುರಗಿ ಅಂದರೂ ಒಂದೇ ಊರು ಅಂತ ನಮಗೆ ಹೇಳಬೇಕಾಗಿಲ್ಲ. ಆದರೆ 2 ನಿಮಿಷ ನಿಲ್ಲುವ ರೈಲಿನ ಮುಂದೆ ನಿಂತು ತರ್ಕ ಮಾಡಲು ಸಮಯ ಇರೋದಿಲ್ಲ. ಹೋಗುವ ಪ್ರತಿ ಊರಿನ ಎರಡೂ ಹೆಸರು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಬ್ರಸೆಲ್ಸ್‌ನಲ್ಲಿ ದೊಡ್ಡ ನಿಲ್ದಾಣ ಮೂರು. ಗ್ರಾಂಡ್ ಪ್ಲಾಸ್ ಚೌಕಕ್ಕೆ ಹತ್ತಿರದ್ದು ಸೆಂಟ್ರಲ್. ‘ಮಿದಿ’ ಮತ್ತು ‘ಝೌಡ್’ ಎರಡೂ ಒಂದೇ, ದಕ್ಷಿಣದ ನಿಲ್ದಾಣ; ಯೂರೊಸ್ಟಾರ್ ಅಲ್ಲಿಂದ. ಇನ್ನೊಂದು ಹೆಸರಿನ ಗುಂಡಿ: ಬ್ರಸೆಲ್ಸ್ ಸೌತ್ ಶಾರ್ಲರ್ವಾ ಅನ್ನೋ ವಿಮಾನ ನಿಲ್ದಾಣ ಬ್ರಸೆಲ್ಸ್‌ನಲ್ಲಿ ಇಲ್ಲ, 50 ಕಿ.ಮೀ. ಮೇಲೆ ದೂರ ಇದೆ. ನಿಮ್ಮ ಟಿಕೆಟ್ ಬ್ರಸೆಲ್ಸ್‌ನ ಮುಖ್ಯ ವಿಮಾನ ನಿಲ್ದಾಣ ಝಾವೆಂಟೆಮ್‌ನದ್ದೇ ಅಂತ ನೋಡಿಕೊಳ್ಳಿ. ಝಾವೆಂಟೆಮ್‌ನಿಂದ ರೈಲು ಹತ್ತುವಾಗ ಟಿಕೆಟ್ ದರದ ಮೇಲೆ ವಿಮಾನ ನಿಲ್ದಾಣದ ಹೆಚ್ಚುವರಿ ಶುಲ್ಕ ಸೇರುತ್ತದೆ. ಅದಿಲ್ಲದ ಟಿಕೆಟ್ ತೋರಿಸಿದರೆ ಗೇಟು ತೆರೆಯೋದಿಲ್ಲ.

ದೇಶದೊಳಗಿನ ರೈಲಿಗೆ ಸೀಟು ಕಾಯ್ದಿರಿಸುವ ಪದ್ಧತಿಯೇ ಇಲ್ಲ. ಅವತ್ತೇ ತೆಗೆದುಕೊಳ್ಳಿ, ಮುಂಚೆ ಕೊಂಡರೆ ಅಗ್ಗ ಆಗೋದಿಲ್ಲ. ಯೂರೊಸ್ಟಾರ್ ಮಾತ್ರ ವಿಮಾನದ ಹಾಗೆ, ದಿನ ಹತ್ತಿರ ಬಂದಂತೆ ದರ ಏರುತ್ತದೆ. ರೈಲು ಹತ್ತಿದ ಮೇಲೆ ಗಾರ್ಡ್ ಹತ್ತಿರ ಟಿಕೆಟ್ ಕೇಳಿದರೆ ದಂಡದಂಥ ಹೆಚ್ಚುವರಿ ಇದೆ. ಬ್ರಸೆಲ್ಸ್ ಮೆಟ್ರೊ, ಟ್ರಾಮ್‌ಗೆ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ಮುಟ್ಟಿಸಬಹುದು. ಒಬ್ಬರಿಗೆ ಒಂದು ಕಾರ್ಡು, ದಿನವಿಡೀ ಅದೇ ಕಾರ್ಡು, ಆಗ ಎಷ್ಟು ಸಲ ಹತ್ತಿದರೂ ದಿನದ ಪಾಸಿನ ಮೊತ್ತಕ್ಕಿಂತ ಹೆಚ್ಚು ಕಡಿತ ಆಗೋದಿಲ್ಲ. ಫೋನು ಒಂದು ಸಲ, ಕಾರ್ಡು ಒಂದು ಸಲ ಮುಟ್ಟಿಸಿದರೆ ಅದು ಎರಡು ಬೇರೆ ಕಾರ್ಡು ಅಂತಲೇ ಲೆಕ್ಕ.

ಶೇಂಗಾಹಿಂಡಿ (ಕಲಬುರಗಿ)

ಪ್ಲ್ಯಾನ್ ಹರಿದು ಹಾಕ್ದೆ ನೋಡ್ರಿ 😀 ಲೈಡೆನ್ 2, ಘೆಂಟ್ 8. ವೀಸಾ ಮತ್ತ ಊಟದ್ದು ಉಳೀತು. ಮತ್ತ ಅತ್ತಿ ಬ್ರೂಜ್‌ನಾಗ ಮ್ಯಾಲ ಹತ್ತಿ ನೋಡೋ ಗೋಪುರ ಅದ ಅಂತಾರ, ಲಿಫ್ಟ್ ಇರ್ತದೇನು?

ಬಹಮನಿಬೀದಿ (ಬೀದರ್)

ಬ್ರೂಜ್ ಗಂಟೆ ಗೋಪುರಕ್ಕೆ 366 ಮೆಟ್ಟಿಲು, ಲಿಫ್ಟ್ ಇಲ್ಲ, ಮೇಲೆ ಹೋದಷ್ಟೂ ಸುರುಳಿ ಕಿರಿದು. ಅತ್ತೆಯವರನ್ನು ಘೆಂಟ್ ಗೋಪುರಕ್ಕೆ ಕರೆದೊಯ್ಯಿರಿ. 91 ಮೀಟರ್, ಮೊದಲ ಹಂತದ ಕೆಲವು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಇದೆ. ಬ್ರೂಜ್‌ನಲ್ಲಿ ಅವರಿಗೆ ದೋಣಿ ಸಾಕು, ಅರ್ಧ ಗಂಟೆಯ ಸುತ್ತು. ನಿಲ್ದಾಣದಿಂದ ಚೌಕಕ್ಕೆ ಬಸ್ಸಿನಲ್ಲಿ ಹೋಗಿ. ಅಲ್ಲಿಯ ಕಲ್ಲುಹಾಸು ನಮ್ಮ ಬೀದರ್ ಕೋಟೆ ದಾರಿಯ ಹಾಗೆ ಉಬ್ಬುತಗ್ಗು, ಮೊಣಕಾಲಿಗೆ ಏಟು ಬೀಳೋದು ಮೆಟ್ಟಿಲಿನಿಂದಲ್ಲ, ಅದರಿಂದ. ದಪ್ಪ ಅಟ್ಟೆಯ ಬೂಟು ಹಾಕಿಸಿ.

ದೋಣಿ ಇಳಿದ ಮೇಲೆ ಬೆಖೈನ್‌ಹಾಫ್ ನೋಡಿ. 1245ರಲ್ಲಿ ಶುರುವಾದ್ದು; ಮದುವೆಯಾಗದ, ವಿಧವೆಯಾದ ಹೆಂಗಸರು ಮಠದ ಪ್ರತಿಜ್ಞೆ ತೊಡದೆ, ದುಡಿದುಕೊಂಡು ಒಟ್ಟಿಗೆ ಇದ್ದ ವಠಾರ. ಬಿಳಿ ಮನೆಗಳ ನಡುವೆ ಹುಲ್ಲು, ಎತ್ತರದ ಮರ, ಕೆಳಗೆ ಹಳದಿ ಡ್ಯಾಫಡಿಲ್. ನಿಮ್ಮ ತಾರೀಖಿಗೆ ಡ್ಯಾಫಡಿಲ್ ಮುಗಿಯುವ ಹೊತ್ತು, ಆದರೂ ಜಾಗ ಜಾಗವೇ. ಮಾತಾಡುವ ದನಿ ಇಳಿಸಬೇಕು, ಈಗಲೂ ಅಲ್ಲಿ ಸನ್ಯಾಸಿನಿಯರಿದ್ದಾರೆ.

ಲೇಸ್ ಕೊಳ್ಳುವ ಆಸೆ ಇದ್ದರೆ ಒಂದು ಮಾತು. ಬೀದಿ ಅಂಗಡಿಯಲ್ಲಿ 10 ಯೂರೊಗೆ ಸಿಗೋ ಮೇಜಿನ ಬಟ್ಟೆ ಯಂತ್ರದ್ದು. ಕೈಲೇಸ್ ಅಂದರೆ ದಿಂಬಿನ ಮೇಲೆ ಗುಂಡುಪಿನ್ನು ಚುಚ್ಚಿ, ಹತ್ತಾರು ಕಡ್ಡಿಗಳ ದಾರ ಒಂದರ ಮೇಲೊಂದು ಹಾಯಿಸಿ ಹೆಣೆಯೋದು. ಅಂಗೈ ಅಗಲ ಮುಗಿಸಲು ದಿನಗಟ್ಟಲೆ ಬೇಕು. ಬಿದ್ರಿಯಲ್ಲಿ ತಂತಿ ಕೂರಿಸಿದ್ದೋ ಮೇಲೆ ಬಳಿದದ್ದೋ ಅಂತ ಉಗುರಲ್ಲಿ ಸವರಿ ನೋಡುವ ಹಾಗೆ, ಇದನ್ನೂ ಬೆಳಕಿಗೆ ಹಿಡಿದು ಒಂದೇ ಹೂವನ್ನು ನಾಲ್ಕು ಕಡೆ ಹೋಲಿಸಿ. ನಾಲ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಒಂದೇ ಇದ್ದರೆ ಯಂತ್ರದ್ದು.

ಸನ್ನತಿ_ಶಾಸನ (ಕಲಬುರಗಿ)

ವೀಸಾ: ಯಾವ ದೇಶದಲ್ಲಿ ಹೆಚ್ಚು ರಾತ್ರಿಯೋ ಆ ದೇಶಕ್ಕೆ ಅರ್ಜಿ. ಈಗ ಬೆಲ್ಜಿಯಂ 8, ಹಾಲೆಂಡ್ 2, ಹಾಗಾಗಿ ಬೆಲ್ಜಿಯಂ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದರೂ ತೊಂದರೆ ಇಲ್ಲ. ರಾತ್ರಿಗಳು ಸರಿಸಮ ಆಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶ ಲೆಕ್ಕಕ್ಕೆ ಬರುತ್ತದೆ. ಹೋಟೆಲ್ ಬುಕಿಂಗ್ ಒಂದು ಹೇಳಿ, ಅರ್ಜಿಯ ದಿನಚರಿ ಇನ್ನೊಂದು ಹೇಳಿದರೆ ಅಲ್ಲೇ ಸಿಕ್ಕಿಬೀಳೋದು.

ಪ್ರಯಾಣದ 6 ತಿಂಗಳ ಮೊದಲಿನಿಂದ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಲೇಬೇಕು. ತೀರ್ಮಾನಕ್ಕೆ ಸಾಮಾನ್ಯ 15 ದಿನ, ಹೆಚ್ಚಿನ ತಪಾಸಣೆ ಬಿದ್ದರೆ 45ರವರೆಗೆ. ಏಪ್ರಿಲ್–ಮೇಗೆ ಎಲ್ಲರೂ ಹೊರಡುವ ಕಾಲ, ವೀಸಾ ಕೇಂದ್ರದಲ್ಲಿ ಬೆರಳಿನ ಗುರುತು ಕೊಡುವ ದಿನಾಂಕವೇ ಸಿಗೋದಿಲ್ಲ, ಜನವರಿಯಲ್ಲೇ ಮುಗಿಸಿ. ಶುಲ್ಕ ದೊಡ್ಡವರಿಗೆ 90 ಯೂರೊ, ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೊದ್ದು, ಶೆಂಗೆನ್ ದೇಶಗಳಿಗೆಲ್ಲ (ಈ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳಿಗೆಲ್ಲ) ಅನ್ವಯಿಸಬೇಕು. ಪಾಸ್‌ಪೋರ್ಟ್ ಅಲ್ಲಿಂದ ಹೊರಟ ಮೇಲೂ 3 ತಿಂಗಳು ಜೀವ ಇರಬೇಕು, ಕೊಟ್ಟು 10 ವರ್ಷ ಮೀರಿರಬಾರದು, ಎರಡು ಖಾಲಿ ಪುಟ. ಅತ್ತೆ–ಮಾವನ ಖರ್ಚು ನಿಮ್ಮದಾದರೆ ಆ ಪತ್ರ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಂಧದ ದಾಖಲೆ ಅವರ ಅರ್ಜಿಯಲ್ಲೂ ಬೇರೆಬೇರೆಯಾಗಿ ಇರಬೇಕು.

ವಿಮಾನ ಬದಲಿಸುವ ಜಾಗ ಯುರೋಪಿನದ್ದಾದರೆ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಆಗುತ್ತದೆ. 2025ರ ಅಕ್ಟೋಬರ್ 12ರಿಂದ ಬಂದುಹೋಗುವವರನ್ನು ಗಣಕದಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ, ಸಾಲು ಉದ್ದ. ನಡುವೆ ಎರಡೂವರೆ ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ತಗೋಬೇಡಿ.

ಖಡಕ್‌ರೊಟ್ಟಿ (ಕಲಬುರಗಿ)

ಅಕ್ಕಾರೆ, ಊಟದ್ದು ನಾ ಹೇಳ್ತೀನಿ.

ಹೋಟೆಲ್ ಬದ್ಲಿ ಅಡಿಗಿಮನಿ ಇರೋ ಅಪಾರ್ಟ್‌ಮೆಂಟ್ ತಗೋರಿ. 8 ರಾತ್ರಿ ಒಂದೇ ಊರಾಗ ಇರೋದಕ್ಕ ಇದು ಸಾಧ್ಯ ಆತು ನೋಡ್ರಿ. ಅಲ್ಲಿ ಬಹಳ ಕಡಿ ಇಂಡಕ್ಷನ್ ಒಲಿ. ನಮ್ಮ ಅಲ್ಯುಮಿನಿಯಂ ಕುಕ್ಕರ್ ಅದರ ಮ್ಯಾಲ ಕಾಯಂಗಿಲ್ಲ. ತಳಕ್ಕ ಫ್ರಿಜ್‌ನ ಆಯಸ್ಕಾಂತ ಹಚ್ಚಿ ನೋಡ್ರಿ, ಹತ್ತಿದ್ರ ಒಯ್ಯಬಹುದು. 2 ಲೀಟರ್ ಸ್ಟೀಲ್ ಕುಕ್ಕರ್ ಒಂದು ಸಾಕು. ನೀರು ಗಡಸು ಇರ್ತದ, ತೊಗರಿಬ್ಯಾಳಿ ಲಗೂನ ಮೆತ್ತಗಾಗಂಗಿಲ್ಲ. ಅರ್ಧ ತಾಸು ನೆನೆಸಿ ಎರಡು ಸೀಟಿ ಹೆಚ್ಚು ಕೂಗಿಸ್ರಿ. ಚಾರ್ಜರಿನ ಸಣ್ಣ ಎರಡು ಕಡ್ಡಿ ಪ್ಲಗ್ ಅಲ್ಲಿ ಕೂಡ್ತದ, ಮೂರು ಕಡ್ಡೀದು ಕೂಡಂಗಿಲ್ಲ.

ಏನು ಒಯ್ಯಬೇಕು ಅನ್ನೋಕಿಂತ ಏನು ಒಯ್ಯಬಾರದು ಅನ್ನೋದು ಮೊದಲು. ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರಂಗಿಲ್ಲ. ಪೇಡಾ, ಖವಾ, ತುಪ್ಪ ಎಲ್ಲಾ ಇದರಾಗೇ ಬರ್ತಾವ. ಹಸಿ ಕರಿಬೇವು, ಮಾವಿನಕಾಯಿ, ನಿಂಬಿಹಣ್ಣು ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದ ತರಂಗಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಪುಠಾಣಿ ಚಟ್ನಿ, ಬ್ಯಾಳಿ, ಅಕ್ಕಿಗೆ ಚಿಂತಿಲ್ಲ. ರೊಟ್ಟಿ ಚೀಲದಾಗ ಹಾಕಿದ್ರ ಅಲ್ಲಿ ಮುಟ್ಟೂದ್ರಾಗ ಪುಡಿ. ಚೌಕ ಸ್ಟೀಲ್ ಡಬ್ಬಿ ತಗೊಂಡು, ತಳಕ್ಕ ಒಂದು ಟವೆಲ್ ಮಡಚಿ ಹಾಸಿ, ರೊಟ್ಟಿ ನಿಲ್ಲಿಸಿ ಬಿಗಿಯಾಗಿ ಕೂಡಿಸ್ರಿ, ಮ್ಯಾಲ ಇನ್ನೊಂದು ಬಟ್ಟಿ ತುರುಕಿ ಅಲುಗಾಡದಂಗ ಮುಚ್ಚಳ ಹಾಕ್ರಿ. ಹಿಂಡಿ ಡಬ್ಬಿ ಎಣ್ಣಿ ಇಳೀದಂಗ ಎರಡು ಪ್ಲಾಸ್ಟಿಕ್ ಸುತ್ತಿ, ಬಟ್ಟಿ ಚೀಲದಿಂದ ದೂರ.

ಹೊರಗ ತಿನ್ನೋದು. ‘ವೆಜಿಟೇರಿಯನ್’ ಅಂದ್ರ ಅವರ ಲೆಕ್ಕದಾಗ ತತ್ತಿ ಸೇರಿರ್ತದ. ಅದಕ್ಕ ‘ವೀಗನ್’ ಅಂತ ಕೇಳ್ರಿ, ತತ್ತಿ ತಾನಾಗೇ ಹೋಗ್ತದ. ಘೆಂಟ್ ನಿಮಗ ಹೇಳಿ ಮಾಡಿಸಿದ ಊರು: 2009ರಿಂದ ಗುರುವಾರ ಮಾಂಸ ಬಿಡ್ರಿ ಅಂತ ಊರಾಡಳಿತನೇ ಹೇಳ್ಕೋತ ಬಂದದ, ಶಾಕಾಹಾರಿ ಹೋಟೆಲ್ ಬೆಲ್ಜಿಯಂನ ಬ್ಯಾರೆ ಊರಿಗಿಂತ ಜಾಸ್ತಿ. ಆಂಟ್‌ವರ್ಪ್‌ನಾಗ ವಜ್ರ ವ್ಯಾಪಾರದ ಗುಜರಾತಿ ಜೈನರು ಅದಾರ, ದೊಡ್ಡ ಜೈನ ಬಸದಿನೂ ಅದ. ಒಂದು ದಿನ ಅಲ್ಲಿಗೆ ಹೋದ್ರ ಮಾವಗ ಸಮಾಧಾನದ ಊಟ.

ಆಲೂಗಡ್ಡಿ ಫ್ರೈಸ್ ನೋಡಿ ಮೋಸ ಹೋಗಬ್ಯಾಡ್ರಿ. ಹಳೇ ಪದ್ಧತಿ ಅಂಗಡಿಯವ್ರು ದನದ ಕೊಬ್ಬಿನಾಗ ಎರಡು ಸಲ ಕರೀತಾರ. ‘ಸಸ್ಯದ ಎಣ್ಣೀನೋ?’ ಅಂತ ಕೇಳ್ರಿ: ಡಚ್‌ನಾಗ ‘ಪ್ಲಾಂಟಾರ್ಡಿಗೆ ಓಲಿ?’, ಫ್ರೆಂಚ್‌ನಾಗ ‘ಯುಯಿಲ್ ವೆಜೆತಾಲ್?’ ಮ್ಯಾಲ ಹಾಕೋ ಮೇಯೊನೀಸ್‌ನಾಗ ತತ್ತಿ. ‘ಸಮುರಾಯ್’, ‘ಆಂದಲೂಸ್’ ಅನ್ನೋ ಸಾಸುಗಳೂ ಮೇಯೊನೀಸ್‌ಗೇ ಬಣ್ಣ ಹಾಕಿದ್ದು. ಕೆಚಪ್ ತಗೋರಿ. ವಾಫಲ್ ಬ್ರಸೆಲ್ಸ್‌ದಿರಲಿ ಲಿಯೇಜ್‌ದಿರಲಿ ತತ್ತಿ ಹಾಕ್ತಾರ, ವೀಗನ್ ಅಂತ ಬರ್ದಿದ್ರಷ್ಟೇ ಮುಟ್ರಿ. ಈ ಕಾಲಕ್ಕ ಬಿಳಿ ಆಸ್ಪರಾಗಸ್ ಅನ್ನೋ ಕಾಯಿಪಲ್ಯ ಬರ್ತದ. ಮಣ್ಣು ಏರಿ ಹಾಕಿ ಬಿಸಿಲು ತಾಗದಂಗ ಬೆಳಸ್ತಾರ, ಅದಕ್ಕ ಹಸಿರಾಗಂಗಿಲ್ಲ. ಅಲ್ಲಿಯವ್ರು ಅದರ ಮ್ಯಾಲ ಕುದಿಸಿದ ತತ್ತಿ ಪುಡಿ ಉದುರಿಸ್ತಾರ. ಬರೇ ಬೆಣ್ಣಿ ಹಾಕಿ ಕೊಡ್ರಿ ಅನ್ರಿ.

ಒಂದು ಕಾಯ್ದಿ ನಿಮ್ಮ ಕೈಯಾಗದ. 14 ಅಲರ್ಜಿ ಪದಾರ್ಥದ ಮಾಹಿತಿ ಹೋಟೆಲ್‌ನವ್ರು ಕೊಡಲೇಬೇಕು, ತತ್ತಿ ಮತ್ತ ಮೀನು ಅದರಾಗ ಅವ. ‘ಅಲರ್ಜಿ ಪಟ್ಟಿ ತೋರಸ್ರಿ’ ಅಂದ್ರ ಪಟ್ಟಿ ತರ್ತಾರ. ಆದ್ರ ದನದ ಕೊಬ್ಬು, ಜೆಲಟಿನ್, ಚೀಸ್‌ಗೆ ಹಾಕೋ ರೆನ್ನೆಟ್ (ಕರುವಿನ ಹೊಟ್ಟಿಯಿಂದ ತೆಗೆದ ಹೆಪ್ಪು), ಚಾಕಲೇಟ್ ಒಳಗಿನ ಮದ್ಯ ಆ ಪಟ್ಟಿದಾಗ ಬರಂಗಿಲ್ಲ, ಅವನ್ನ ಬಾಯಿಬಿಟ್ಟೇ ಕೇಳ್ಬೇಕು. ಪ್ಯಾಕೆಟ್ ಮ್ಯಾಲ ತತ್ತಿ ಅಂದ್ರ ಡಚ್‌ನಾಗ ‘ಎಯ್’, ದಪ್ಪ ಅಕ್ಷರದಾಗ ಇರ್ತದ.

ನಳದ ನೀರು ಕುಡಿಯೋಕ ಚಲೋ, ಆದ್ರ ಹೋಟೆಲ್‌ನಾಗ ಕೂತ್ರ ನೀರಿನ ಬಾಟಲಿಗೆ ದುಡ್ಡು. ಮನಿಯಿಂದ ತುಂಬ್ಕೊಂಡು ಹೋಗ್ರಿ. ಶೌಚಾಲಯಕ್ಕ 50 ಸೆಂಟ್–1 ಯೂರೊ ಚಿಲ್ಲರ ಕಿಸೆದಾಗ ಇರ್ಲಿ.

ಭೀಮಾತೀರ (ಯಾದಗಿರಿ)

ಇಲ್ಲಿ 40 ಡಿಗ್ರಿ ಬಿಟ್ಟು ಹೋಗ್ತೀರಿ. ಅಲ್ಲಿ ಏಪ್ರಿಲ್‌ನಾಗ ಹಗಲು 14ರ ಸುಮಾರು, ಮುಂಜಾನಿ 5. ಒಂದೇ ತಾಸಿನಾಗ ಬಿಸಿಲು, ಮಳಿ, ಆಲಿಕಲ್ಲು. ದಪ್ಪ ಕೋಟು ಒಂದು ಬ್ಯಾಡ; ಒಳಗ ಬೆಚ್ಚನ್ನ ಬನೀನು, ಸ್ವೆಟರ್, ಮ್ಯಾಲ ಗಾಳಿ–ನೀರು ತಡಿಯೋ ಜಾಕೆಟ್. ಛತ್ರಿ ಗಾಳಿಗೆ ತಿರುವಿ ಬೀಳ್ತದ, ಟೋಪಿ ಇರೋ ಜಾಕೆಟ್ಟೇ ಗಟ್ಟಿ. ಹೊತ್ತು ಮುಳುಗೋದು ರಾತ್ರಿ 8:45 ಮ್ಯಾಲ, ಹಂಗಾಗಿ ಮಧ್ಯಾಹ್ನ ಅತ್ತಿ–ಮಾವನ್ನ ಮಲಗಿಸಿ ಸಂಜಿ ಮುಂದ ಮತ್ತ ಹೊರಬೀಳಬಹುದು.

ಬ್ರಸೆಲ್ಸ್‌ನಾಗ ಲಾಕೆನ್ ಅರಮನಿ ಗಾಜಿನ ಮನಿಗಳು ಅಂತ ಅವ, 1874ರಿಂದ 1895ರ ತನಕ ಕಟ್ಟಿದ್ದು. ವರ್ಷದಾಗ ಏಪ್ರಿಲ್–ಮೇ ಸುಮಾರು ಮೂರು ವಾರ ಮಾತ್ರ ಜನಕ್ಕ ಬಿಡ್ತಾರ. ಟಿಕೆಟ್ ಆನ್‌ಲೈನ್ ಮುಂಗಡ, ಬಿಟ್ಟ ಕೂಡ್ಲೇ ಖಾಲಿ. ಸಿಕ್ರ ತಗೋರಿ.

ಹಣ್ಣಿನ ತೋಟದ ಹೂವು ನೋಡೋದಾದ್ರ ಸಿಂಟ್-ಟ್ರೌಡೆನ್ ಕಡಿ ಹೋಗ್ರಿ. ಮೊದಲು ಚೆರ್ರಿ, ಆಮ್ಯಾಲ ಪೇರ್, ಕೊನಿಗೆ ಸೇಬು. ನಿಮ್ಮ ತಾರೀಖಿಗೆ ಸೇಬು ಸಿಗೋ ಸಂಭವ ಜಾಸ್ತಿ. ಸೈಕಲ್ ಹಾದಿಗೆ ಕೂಟ ಕೂಟಕ್ಕ ನಂಬರ್ ಹಚ್ಚಿರ್ತಾರ, ನಕಾಶೆದಾಗ ನಂಬರ್ ಬರ್ಕೊಂಡು ಒಂದರಿಂದ ಒಂದಕ್ಕ ಹೋಗೋದು. ಈ ಪದ್ಧತಿ 1995ರಾಗ ಸಿಂಟ್-ಟ್ರೌಡೆನ್ ಇರೋ ಲಿಂಬುರ್ಖ್ ಸೀಮೆದಾಗ ಹುಟ್ಟಿದ್ದು. ಹತ್ರದ ಬೋರ್ಖ್‌ಲೋನ್ ಬಯಲಿನಾಗ ಉಕ್ಕಿನ ಪಟ್ಟಿ ಪದರ ಪದರ ಇಟ್ಟು ಕಟ್ಟಿದ ಆರಪಾರ ಕಾಣೋ ಚರ್ಚು ಅದ, 2011ರದ್ದು. ಒಂದು ಕಡಿಯಿಂದ ಗಟ್ಟಿ ಗ್ವಾಡಿ, ಎರಡು ಹೆಜ್ಜಿ ಸರಿದ್ರ ಬರೇ ಆಕಾಶ.

ಬಹಮನಿಬೀದಿ (ಬೀದರ್)

ಒಂದು ಸಂಜೆ ಈಪರ್‌ಗೆ ಇಡಿ, ಇಂಗ್ಲಿಷ್‌ನವರು ಈಪ್ರ ಅನ್ನೋ ಊರು. ಮೊದಲ ಮಹಾಯುದ್ಧದಲ್ಲಿ, 1914ರ ಅಕ್ಟೋಬರಿನಲ್ಲಿ ಭಾರತದ ಸೈನಿಕರನ್ನು ಕಾಳಗಕ್ಕೆ ಇಳಿಸಿದ್ದು ಇದೇ ನೆಲದಲ್ಲಿ. ಭಾರತೀಯ ಸೈನಿಕನಿಗೆ ಮೊದಲ ವಿಕ್ಟೋರಿಯಾ ಕ್ರಾಸ್ ಕೊಟ್ಟದ್ದು, ಖುದಾದಾದ್ ಖಾನ್‌ಗೆ, ಇಲ್ಲೇ ಪಕ್ಕದ ಹೊಲೆಬೆಕೆ ಕಾಳಗಕ್ಕೆ. ಊರಿನ ಸ್ಮಾರಕ ದ್ವಾರ ಮೆನಿನ್ ಗೇಟ್‌ನ ಗೋಡೆಯಲ್ಲಿ ಗೋರಿ ಸಿಗದ 54 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರಿವೆ, ಭಾರತೀಯರದ್ದೂ. ದಿನಾ ರಾತ್ರಿ ಸರಿಯಾಗಿ 8ಕ್ಕೆ ರಸ್ತೆ ನಿಲ್ಲಿಸಿ ಕಹಳೆ ಊದುತ್ತಾರೆ. 1928ರಿಂದ ನಡೆದು ಬಂದ ಪದ್ಧತಿ, ಎರಡನೇ ಯುದ್ಧದಲ್ಲಿ ಜರ್ಮನರು ಊರು ಹಿಡಿದಿದ್ದ ವರ್ಷಗಳಲ್ಲಿ ಮಾತ್ರ ನಿಂತಿತ್ತು. 7:30ಕ್ಕೇ ಹೋಗಿ ನಿಲ್ಲಿ, ಚಪ್ಪಾಳೆ ತಟ್ಟುವಂತಿಲ್ಲ. ಗೇಟಿನಿಂದ ನಿಲ್ದಾಣ 20 ನಿಮಿಷದ ನಡಿಗೆ, ಅತ್ತೆಯವರಿಗೆ ಅರ್ಧ ಗಂಟೆ ಹಿಡಿಯಿರಿ. ವಾಪಸ್ ರೈಲಿನ ಸಮಯ ಊದುವ ಮೊದಲೇ ನೋಡಿಟ್ಟುಕೊಳ್ಳಿ.

ಸೋಮವಾರ ಅಲ್ಲಿ ಬಹಳಷ್ಟು ಮ್ಯೂಸಿಯಂ ರಜೆ, ಭಾನುವಾರ ಅಂಗಡಿ ರಜೆ. ಕಾಡು, ಹೊಲ, ದೋಣಿ ಆ ದಿನಗಳಿಗೆ ಹಾಕಿ. ಘೆಂಟ್‌ನ ಸಂತ ಬಾವೊ ಚರ್ಚಿನಲ್ಲಿ 1432ರ ವಾನ್ ಐಕ್ ಸೋದರರ ಬಲಿಪೀಠ ಚಿತ್ರಕ್ಕೆ ಹೊತ್ತು ಗೊತ್ತು ಮಾಡಿದ ಟಿಕೆಟ್ ಬೇಕು. ಕೆಳಗೆ ಎಡಮೂಲೆಯ ಹಲಗೆ ಮಾತ್ರ ನಕಲು, ಅಸಲು 1934ರಲ್ಲಿ ಕಳುವಾದದ್ದು ಇವತ್ತಿಗೂ ಸಿಕ್ಕಿಲ್ಲ.

ಇನ್ನು ರೈಲು ಮುಷ್ಕರ. ಅಲ್ಲಿ ಅದು ಸಾಮಾನ್ಯ, ದಿನ ಮೊದಲೇ ಘೋಷಿಸುತ್ತಾರೆ. ಯಾವ ರೈಲು ಓಡುತ್ತದೆ ಅನ್ನೋ ಬದಲಿ ವೇಳಾಪಟ್ಟಿ ಹಿಂದಿನ ದಿನ ರೈಲ್ವೆ ಆ್ಯಪ್‌ನಲ್ಲಿ ಬರುತ್ತದೆ. ಲೈಡೆನ್‌ನಿಂದ ಘೆಂಟ್‌ಗೆ ಬರುವ ದಿನ ಮತ್ತು 28ರ ವಿಮಾನದ ದಿನ, ಈ ಎರಡನ್ನು ಮಾತ್ರ ವಾರ ಮೊದಲಿನಿಂದ ನೋಡುತ್ತಿರಿ. 28ಕ್ಕೆ ಮುಷ್ಕರ ಬಿದ್ದರೆ 27ರ ರಾತ್ರಿಯೇ ಝಾವೆಂಟೆಮ್ ಹತ್ತಿರ ಒಂದು ರೂಮು ಹಿಡಿದುಬಿಡಿ.